ಕೀಲಿ ಯಾರ ಹತ್ತಿರ ಇತ್ತು

ಮೊನ್ನೆ ಇಲ್ಲಿ ಗಲ್ಫಿನಲ್ಲಿ, ಫಹಾಹೀಲ್‌ನ ಮೀನು ಮಾರುಕಟ್ಟೆಯಲ್ಲಿ ಅಂಜಲ್ ಕತ್ತರಿಸುತ್ತಿದ್ದವನು ಕೆಲಸ ನಿಲ್ಲಿಸಿ ಚೂರಿಯನ್ನು ಒದ್ದೆ ಸಾಣೆಕಲ್ಲಿಗೆ ಉಜ್ಜಿದ. ಆ ಕಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರು ಕೋಣೆಯ ಅಣ್ಣ ನೆನಪಾದರು. ಮೀನೂ ಬೇಡ, ಏನೂ ಬೇಡ ಎಂದು ಬರಿಗೈಯಲ್ಲಿ ಹೊರಟುಬಂದೆ.

ಅಣ್ಣ ಉಡುಪಿ ಕಡೆಯವರು, ಹೋಟೆಲಿನಲ್ಲಿ ಅಡುಗೆ ಕೆಲಸ. ಸ್ವಂತ ಚೂರಿಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ದಿನಾ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು, ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೂತು ಸಾಣೆ ಹಿಡಿಯುತ್ತಿದ್ದರು. “ಹೋಟೆಲಿನ ಚೂರಿಯಲ್ಲಿ ಮೊಸರೂ ತುಂಡಾಗುದಿಲ್ಲ ಮಾರಾಯ” ಎಂದು ನಗಾಡುತ್ತಿದ್ದರು. ನನಗೆ ಜ್ವರ ಬಂದಾಗ ಗಂಜಿ ಮಾಡಿ ತಂದವರು ಅವರೇ...

ಒಂದು ಮಧ್ಯಾಹ್ನ ಅದೇ ಚೂರಿಯಿಂದ ತಮ್ಮ ಕೋಣೆಯ ಜೊತೆಗಾರನನ್ನು ಕೊಂದರು. ಸತ್ತವನು ಬಾಗಲಕೋಟೆ ಕಡೆಯ ಫಿಟ್ಟರ್, ಇಬ್ಬರು ಮಕ್ಕಳ ತಂದೆ. ಅಣ್ಣ ರಜೆಯ ದಿನ ಬೇರೆ ಕಡೆ ಅಡುಗೆಗೆ ಹೋಗುವುದನ್ನು ಅವನು ವೀಸಾ ಕೊಟ್ಟ ಯಜಮಾನ ಕಫೀಲನ ಕಿವಿಗೆ ಹಾಕಿದ್ದ. ಅಣ್ಣನ ಇಕಾಮಾ, ಈ ದೇಶದಲ್ಲಿ ಇರುವ ಪರವಾನಗಿಯೇ, ರದ್ದಾಗುವುದರಲ್ಲಿತ್ತು. ಸಿಟ್ಟು ಅದು.

ಚೂರಿ ಮನೆಗೆ ತಂದದ್ದೇ ಕೊಲ್ಲುವ ಯೋಚನೆಗೆ ಸಾಕ್ಷಿ ಎಂದು ಕೆಳಗಿನ ಕೋರ್ಟು ಗಲ್ಲು ವಿಧಿಸಿತು. ಮೇಲ್ಮನವಿಯಲ್ಲಿ ವಕೀಲರು ನನ್ನನ್ನು ಕರೆಸಿದರು. ಮೊದಲೇ ಯೋಚಿಸಿ ಕೊಂದದ್ದು ಅಥವಾ ಹೊಂಚು ಹಾಕಿ ಕೊಂದದ್ದು, ಇವೆರಡರಲ್ಲಿ ಒಂದು ಸಾಬೀತಾದರೂ ಗಲ್ಲು ಖಾಯಂ. ಎರಡೂ ಬಿದ್ದುಹೋದರೆ ಜೈಲು, ಜೀವ ಉಳಿಯುತ್ತದೆ ಎಂದು ಬಿಡಿಸಿ ಹೇಳಿದರು.

ಅವರು ದಿನಾ ಚೂರಿ ತರುತ್ತಿದ್ದರು ಎಂದೆ. ನ್ಯಾಯಾಧೀಶರು ತಲೆಯಾಡಿಸಿ ಬರೆದುಕೊಂಡರು. ಅಬ್ಬ, ಬಚಾವ್ ಎಂದುಕೊಂಡೆ. ಕೊಲೆಯಾದ ದಿನ ಅಣ್ಣ ಮೆಟ್ಟಿಲ ಮೇಲೆ ಅಷ್ಟು ಹೊತ್ತು ಯಾಕೆ ಕೂತಿದ್ದರು ಎಂಬ ಪ್ರಶ್ನೆ ಬಂತು. ಇಬ್ಬರಿಗೂ ಸೇರಿ ಒಂದೇ ಕೀಲಿ, ಕೀಲಿ ಇಲ್ಲದವರು ಹೊರಗೇ ಕಾಯಬೇಕು ಎಂದೆ, ದೊಡ್ಡ ಬುದ್ಧಿವಂತನ ಹಾಗೆ! ದುಭಾಷಿ ಹಿಂದಿಯಲ್ಲಿ ಕೇಳಿದರು: “ಆ ದಿನ ಕೀಲಿ ಯಾರ ಹತ್ತಿರ ಇತ್ತು, ಭಾಯಿ?”

ಊಟಕ್ಕೆ ಬಂದಿದ್ದ ನಾನು ಮೆಟ್ಟಿಲು ಹತ್ತುವಾಗ ನೋಡಿದ್ದೆ, ಕೀಲಿ ಅಣ್ಣನ ಬೆರಳಲ್ಲೇ ತೂಗಾಡುತ್ತಿತ್ತು. “ಒಳಗೆ ಹೋಗುದಿಲ್ವಾ ಅಣ್ಣ?” ಎಂದಿದ್ದೆ. “ಅವ ಬರ್ಲಿ” ಎಂದಿದ್ದರು. ಪೊಲೀಸರು ಇದನ್ನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಒಂದು ಸುಳ್ಳು ಸಾಕಿತ್ತು... ಅಣ್ಣ ನನ್ನನ್ನೇ ನೋಡುತ್ತಿದ್ದರು. ಬೆನ್ನಿಗೆ ಇರಿತ ತಿಂದ ಆ ಫಿಟ್ಟರ್‌ಗೆ ತಿರುಗಿ ನೋಡಲೂ ಪುರುಸೊತ್ತು ಸಿಕ್ಕಿರಲಿಲ್ಲ. ಅವನೂ ಕಣ್ಣ ಮುಂದೆ ಬಂದ. ಅಣ್ಣನ ಹತ್ತಿರ ಎಂದುಬಿಟ್ಟೆ.

ಹೊಂಚು ಸಾಬೀತಾಯಿತು. ಗಲ್ಲು ಖಾಯಂ ಆಯಿತು, ಜಾರಿಯೂ ಆಯಿತು.

ಅಣ್ಣನ ಹೆಂಡತಿ, ನನಗೆ ಅತ್ತಿಗೆಯ ಹಾಗೆ, ಊರಿನಿಂದ ಈಗಲೂ ಫೋನ್ ಮಾಡುತ್ತಾರೆ. ಬೈಯುವುದಿಲ್ಲ. ಬೈದರೆ ಎಷ್ಟೋ ವಾಸಿ. ಇವತ್ತು ಬೆಳಿಗ್ಗೆಯೂ ಅದನ್ನೇ ಕೇಳಿದರು: “ಕೀಲಿ ಇರ್ಲಿಲ್ಲ ಅಂತ ಅವ್ರು ನನ್ನತ್ರ ಹೇಳಿದ್ರು. ನಿಮ್ಗೆ ಸರಿಯಾಗಿ ನೆನಪುಂಟಲ್ಲ?”

“ಉಂಟು ಅತ್ತಿಗೆ” ಎಂದೆ.