ಟವೆಲ್ಲಿನ ಕೆಳಗೆ ಕೊಂಡ ಕಾರು

೧೯೫೯ರ ಶ್ರಾವಣದಲ್ಲಿ ನನ್ನ ಹೆಂಡತಿ ನೀಲವ್ವ ಗೋಕಾಕದ ದಾರಿಯಲ್ಲಿ, ಚಕ್ಕಡಿಯಲ್ಲೇ ತೀರಿಕೊಂಡಳು. ಚೊಚ್ಚಲ ಹೆರಿಗೆ. ಬೆಳಗಿನಿಂದ ಬೇನೆ ತಿಂದರೂ ಕೂಸು ಹೊರಗೆ ಬರಲಿಲ್ಲ. ದವಾಖಾನೆಗೆ ಒಯ್ಯಿರಿ ಎಂದು ಸೂಲಗಿತ್ತಿ ಹೇಳುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನಮ್ಮೂರು ಘೋಡಗೇರಿಯಿಂದ ಹೊರಟು ಅರ್ಧ ದಾರಿ ಕಳೆದಿರಲಿಲ್ಲ, ಎರೆಮಣ್ಣಿನ ಕೆಸರಿನಲ್ಲಿ ಬಲಗಡೆಯ ಎತ್ತು ಕುಳಿತುಬಿಟ್ಟಿತು. ಬಾಲ ತಿರುವಿದೆವು, ಹೊಡೆದೆವು, ನೊಗ ಬಿಚ್ಚಿ ಮತ್ತೆ ಹೂಡಿದೆವು. ಅದು ಎದ್ದಾಗ ನೀಲವ್ವನ ಕೈ ತಣ್ಣಗಾಗಿತ್ತು. ಕೂಸೂ ಉಳಿಯಲಿಲ್ಲ.

ಆ ಎತ್ತಿನ ಜೋಡಿಯನ್ನು ಮದುವೆಯಲ್ಲಿ ಕೊಟ್ಟವರು ನನ್ನ ಮಾವ. ಅವರು ಮೂಡಲಗಿಯ ದನದ ಪೇಟೆಯಲ್ಲಿ ದಲಾಲಿ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಬೆಲೆ ಕುದುರಿಸುವುದು ಅವರ ಕೆಲಸ. ಜೋಡಿಯನ್ನು ನನ್ನ ಕೈಗೆ ಕೊಡುವಾಗ, "ಎಷ್ಟ್ ದೂರ ಹೊಡದ್ರೂ ಕುಂಡ್ರೂದಿಲ್ಲ ಮಾಸ್ತರ, ಇದು ನನ್ನ ಮಾತು" ಎಂದಿದ್ದರು. ಮಣ್ಣಿಗೆ ಬಂದಾಗ ಅವರು ಮಗಳ ಮುಖ ನೋಡಿದರು, ಹಿತ್ತಲಿಗೆ ಹೋಗಿ ಆ ಎತ್ತಿನ ಮುಂದೆ ನಿಂತರು. ವಾರದೊಳಗೆ ಆ ಜೋಡಿಯನ್ನು ತಾವೇ ಹೊಡೆದುಕೊಂಡು ಹೋದರು.

ನಾನು ಊರಿನ ಕನ್ನಡ ಸಾಲೆಯ ಮಾಸ್ತರ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಟ್ರೇನಿಂಗ್ ಮುಗಿಸಿದವನು. ದೊಡ್ಡ ವಿಚಾರಗಳು ನನಗೆ ಹೊಳೆಯುವುದಿಲ್ಲ. ಆ ಚಳಿಗಾಲದಲ್ಲಿ ಒಂದೇ ವಿಚಾರ ತಲೆಯಲ್ಲಿ ಕುಳಿತಿತು. ನಮ್ಮೂರಿನಲ್ಲಿ ಒಂದು ಕಾರು ಇರಬೇಕು. ಚಕ್ಕಡಿಯ ದಾರಿಯಲ್ಲಿ ಹೋಗುವಷ್ಟು ಸಣ್ಣದಿರಬೇಕು, ಹಿಂದಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ಮಲಗುವಷ್ಟು ದೊಡ್ಡದಿರಬೇಕು.

ಗೋಕಾಕದ ರದ್ದಿ ಅಂಗಡಿಗೆ ಯಾವುದೋ ಸಾಹೇಬರ ಬಂಗಲೆಯಿಂದ ಇಂಗ್ಲಿಷ್ ಮಾಸಪತ್ರಿಕೆಗಳು ಬರುತ್ತಿದ್ದವು. ಅವುಗಳಲ್ಲಿ ಕಾರುಗಳ ಜಾಹೀರಾತು, ಅದರ ಕೆಳಗೆ ಬೆಲೆ. ಸೇರಿನ ಲೆಕ್ಕದಲ್ಲಿ ಕೊಂಡು ತಂದೆ. ಡಿಕ್ಷನರಿ ಇಟ್ಟುಕೊಂಡು ಓದಿ ಒಂದು ನೋಟುಬುಕ್ಕಿನಲ್ಲಿ ಬರೆದೆ. ಮೈನರ್ ಎಂಬ ಸಣ್ಣ ಕಾರಿಗೆ ಇಂಗ್ಲೆಂಡಿನಲ್ಲಿ ಸುಮಾರು ಆರುನೂರು ಪೌಂಡು. ಜರ್ಮನಿಯಲ್ಲಿ ಎಂಜಿನ್ ಹಿಂದುಗಡೆ ಇರುವ ದುಂಡನೆಯ ಕಾರಿಗೆ ನಾಲ್ಕೂವರೆ ಸಾವಿರ ಮಾರ್ಕು. ಇಟಲಿಯಲ್ಲಿ ಎಲ್ಲಕ್ಕಿಂತ ಸಣ್ಣ ಕಾರಿಗೆ ನಾಲ್ಕೂವರೆ ಲಕ್ಷ ಲಿರಾ. ಆ ಲಕ್ಷವನ್ನು ಕಂಡು ಕಟ್ಟೆಯ ಮೇಲೆ ಕೂಡುವವರಿಗೆ ನಗು.

"ಮಾಸ್ತರ, ಆ ದೇಶದಾಗ ಕಾರಿಗೆ ನಾಕೂವರಿ ಲಕ್ಷ ಆದ್ರ, ಎಮ್ಮಿಗೆ ಎಷ್ಟಿದ್ದೀತ್ರಿ?"

"ಎಮ್ಮಿ ಬಿಡು, ಅಲ್ಲೆ ಒಂದು ಕಪ್ಪು ಚಾ ಕುಡ್ಯಾಕ ಚೀಲ ತುಂಬಿ ರೊಕ್ಕ ಒಯ್ಯಬೇಕಾಕ್ಕೈತಿ."

ಎಲ್ಲವನ್ನೂ ರೂಪಾಯಿಗೆ ತಿರುಗಿಸಿದಾಗ ಇಟಲಿಯ ಕಾರೇ ಅಗ್ಗ. ಆದರೆ ಅದರ ಹಿಂದಿನ ಸೀಟಿನಲ್ಲಿ ಮನುಷ್ಯರು ಮಲಗುವಂತಿರಲಿಲ್ಲ, ಅದಕ್ಕೆ ಗೀಟು ಹೊಡೆದೆ. ಆ ದೇಶಗಳಲ್ಲಿ ಮಾಸ್ತರನೊಬ್ಬ ಒಂದು ವರ್ಷದ ಪಗಾರದಲ್ಲಿ ಕೊಳ್ಳುವ ಕಾರನ್ನು ಇಲ್ಲಿ ನಾನು ಕೊಳ್ಳಬೇಕಾದರೆ ಹತ್ತು ವರ್ಷ ಉಪವಾಸ ಇರಬೇಕಾಗಿತ್ತು. ಅಷ್ಟು ಕೊಟ್ಟರೂ ನಮ್ಮ ದೇಶದಲ್ಲಿ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕು.

ನಮ್ಮ ಕಡೆ, ಮಕ್ಕಳಿಲ್ಲದೆ ಹೆಂಡತಿ ತೀರಿಕೊಂಡರೆ ಆಕೆಯ ತವರಿನ ಬಂಗಾರವನ್ನು ತವರಿಗೇ ಮುಟ್ಟಿಸುತ್ತಾರೆ. ವರ್ಷದ ಕಾರ್ಯ ಮುಗಿದ ಮೇಲೆ ನೀಲವ್ವನ ಸರ, ಬಿಲ್ವಾರ, ಬುಗುಡಿಗಳನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಮೂಡಲಗಿಗೆ ಹೋದೆ. ಮಾವ ಗಂಟು ಬಿಚ್ಚಲಿಲ್ಲ. ನನ್ನ ಚೀಲದಿಂದ ಇಣುಕುತ್ತಿದ್ದ ನೋಟುಬುಕ್ಕನ್ನು ನೋಡಿ, "ಅದೇನ್ರಿ?" ಎಂದರು. ಓದಿ ಹೇಳಿದೆ. ಅವರಿಗೆ ಪೌಂಡು ಮಾರ್ಕು ತಿಳಿಯುವುದಿಲ್ಲ.

"ಜೋಡಿ ಎತ್ತಿನ ಲೆಕ್ಕದಾಗ ಹೇಳ್ರಿ" ಎಂದರು.

ಆಗಿನ ಒಳ್ಳೆಯ ಜೋಡಿಗೆ ಎಂಟುನೂರು ಎಂದು ಹಿಡಿದು ಹೇಳಿದೆ. ಇಂಗ್ಲೆಂಡಿನಲ್ಲಿ ಹತ್ತು ಜೋಡಿ, ಜರ್ಮನಿಯಲ್ಲಿ ಆರು ಜೋಡಿಯ ಮೇಲೆ ಸ್ವಲ್ಪ, ಇಲ್ಲಿ ಹದಿಮೂರು ಜೋಡಿ ಕೊಟ್ಟು ಮತ್ತೆ ಕಾಯುವುದು.

"ಹದಿಮೂರು ಜೋಡಿ ತಗೊಂಡೂ ಕಾಯಸ್ತಾರಂತ? ದನದ ಪ್ಯಾಟಿ ಹಿಂಗ ನಡಿಸಿದ್ರ ರೈತರು ನಮ್ಮನ್ನ ಗೂಟಕ್ಕ ಕಟ್ಟತಿದ್ರು" ಎಂದರು. ಆಮೇಲೆ ಬಂಗಾರದ ಗಂಟನ್ನು ನನ್ನ ಕಡೆಗೇ ಸರಿಸಿದರು. "ಇದನ್ನೂ ಹಾಕ್ರಿ. ಆದ್ರ ಒಂದು ಮಾತು. ಖರೀದಿಗೆ ನಾನೂ ಬರಾಂವ. ಒಮ್ಮೆ ಕಣ್ಣು ಮೋಸ ಹೋತು, ಇನ್ನೊಮ್ಮೆ ಹೋಗಬಾರದು."

ಗೋವಾ ಆಗ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ನಮಗೆ ಅದು ಕೈಗೆಟಕುವ ದೂರದ ಪರದೇಶ. ಅಲ್ಲಿ ವಿಲಾಯತಿ ಕಾರು ಅಗ್ಗ ಎಂದು ಎಲ್ಲರೂ ಹೇಳುತ್ತಿದ್ದರು, ಆದರೆ ಗಡಿ ದಾಟಿಸುವಂತಿರಲಿಲ್ಲ. ೧೯೬೧ರ ಕೊನೆಗೆ ಅದು ನಮ್ಮ ದೇಶಕ್ಕೆ ಸೇರಿತು. ಅಲ್ಲಿಯವರು ಓಡಿಸಿ ಬಿಟ್ಟ ಕಾರುಗಳನ್ನು ಕಾಗದಪತ್ರ ಮಾಡಿಸಿಕೊಂಡು ಇತ್ತ ತರಬಹುದೆಂದು ತಿಳಿದಾಗ ನಾನು ಮತ್ತೆ ನೋಟುಬುಕ್ಕು ತೆಗೆದೆ. ದಸರೆಯ ಸೂಟಿಯಲ್ಲಿ ಗೋಕಾಕಕ್ಕೆ ಹೋಗಿ ಒಬ್ಬ ಲಾರಿ ಡ್ರೈವರನ ಹತ್ತಿರ ಗಾಡಿ ನಡೆಸುವುದನ್ನು ಕಲಿತು ಲೈಸೆನ್ಸ್ ಮಾಡಿಸಿದೆ. ಬಂಗಾರ, ನನ್ನ ಪಾಲಿನ ಒಂದು ತುಂಡು ಹೊಲ ಮಾರಿದ್ದು, ಉಳಿತಾಯ ಎಲ್ಲ ಸೇರಿ ಎರಡೂವರೆ ಸಾವಿರ ಆಯಿತು. ಮಾವನ ಲೆಕ್ಕದಲ್ಲಿ ಮೂರು ಜೋಡಿ. ಅಷ್ಟಕ್ಕೆ ಸಿಗುತ್ತದೋ ಇಲ್ಲವೋ ಎಂಬುದೊಂದೇ ಚಿಂತೆ.

೧೯೬೩ರ ಬೇಸಿಗೆಯ ಸೂಟಿಯಲ್ಲಿ ಇಬ್ಬರೂ ಬೆಳಗಾವಿಯಿಂದ ಬಸ್ಸು ಹತ್ತಿ ಘಾಟಿನ ಕೆಳಗೆ ಗೋವಾದ ಮಾಪುಸಾಕ್ಕೆ ಹೋದೆವು. ಎರಡು ದಿನ ತಿರುಗಿದರೂ ಎಲ್ಲ ಕಡೆ ಐದು ಜೋಡಿ, ಆರು ಜೋಡಿ. ನಾವು ಮೊದಲು ಬಂದವರಲ್ಲ. ಮುಂಬಯಿಯವರು ಬಂದು ಬೆಲೆ ಏರಿಸಿ ಹೋಗಿದ್ದರು. ಮೂರನೆಯ ದಿನ ಒಬ್ಬ ಚಹಾದಂಗಡಿಯವನು ಒಂದು ಮನೆ ತೋರಿಸಿದ. ಅಲ್ಲಿ ಒಬ್ಬ ವಯಸ್ಸಾದ ಔಷಧ ಅಂಗಡಿಯವರಿದ್ದರು. ಕಣ್ಣು ಮಂಜಾಗಿ ಕಾರು ನಡೆಸಲಾರದವರಾಗಿದ್ದರು. ಹಂಚಿನ ಕೊಟ್ಟಿಗೆಯಲ್ಲಿ ಬೂದಿ ಬಣ್ಣದ ಮೈನರ್ ನಿಂತಿತ್ತು.

ಮಾವ ಚಪ್ಪಲಿ ಬಿಟ್ಟು ಕೊಟ್ಟಿಗೆಯೊಳಗೆ ಹೋದರು. ಮೂರು ಸುತ್ತು ಹಾಕಿದರು. ಮುಂಭಾಗದ ಮೇಲೆ ಅಂಗೈ ಇಟ್ಟು ಸವರಿದರು. ಬಾನೆಟ್ ತೆಗೆಸಿ, ಹಲ್ಲು ನೋಡುವವರಂತೆ ಬಗ್ಗಿ ನೋಡಿದರು. ಟಾಯರುಗಳನ್ನು ಗೊರಸಿನಂತೆ ಒಂದೊಂದಾಗಿ ಒತ್ತಿದರು. ಮಾವನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು, ಆ ಹಿರಿಯರಿಗೂ ತಕ್ಕಮಟ್ಟಿಗೆ ಬರುತ್ತಿತ್ತು. "ಹೇರು ಹಾಕಿ ನೋಡಬೇಕು" ಎಂದು ಮಾವ ಕೇಳಿದರು. ಎದುರು ಮನೆಯ ನಾಲ್ಕು ಜನರನ್ನು ಕರೆದು ಕೂರಿಸಿ, ಹಿಂದಿನ ಗುಡ್ಡದ ಏರಿನ ಮೇಲೆ ನನ್ನಿಂದ ಮೂರು ಸಲ ಓಡಿಸಿದರು. ಪ್ರತಿ ಸಲವೂ ಅರ್ಧ ಏರಿನಲ್ಲಿ ನಿಲ್ಲಿಸಲು ಹೇಳಿ, ಮತ್ತೆ ಎಬ್ಬಿಸಲು ಹೇಳಿದರು. ಮೂರು ಸಲವೂ ಎದ್ದಿತು.

ಜನ ಇಳಿದ ಮೇಲೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಮಲಗಿದರು. ಆರಡಿ ಎತ್ತರದ ಮನುಷ್ಯ, ಮೊಣಕಾಲು ಮಡಚಿ, ರುಮಾಲು ಎದೆಯ ಮೇಲಿಟ್ಟುಕೊಂಡು, ಕಾರಿನ ಮಾಳಿಗೆ ನೋಡುತ್ತ ಮಲಗಿದರು. ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು. ಔಷಧ ಅಂಗಡಿಯ ಹಿರಿಯರು ನನ್ನ ಮುಖ ನೋಡಿದರು. ಏಕೆ ಎಂದು ನಾನು ಹರಕುಮುರುಕು ಮರಾಠಿಯಲ್ಲಿ ಹೇಳಿದೆ. ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಬಹಳ ಹೊತ್ತಿನ ಮೇಲೆ ಮಾವ ಎದ್ದು ಬಂದು, "ಮಲಗಾಕ ಬರತೈತಿ" ಎಂದರು. ಅಷ್ಟೇ.

ಬೆಲೆ ಕೇಳಿದಾಗ ಹಿರಿಯರು ಬಾಯಿ ತೆರೆದರು. ಮಾವ ತಡೆದರು. ಹೆಗಲ ಮೇಲಿನ ಟವೆಲ್ ತೆಗೆದು ತಮ್ಮ ಕೈ ಮೇಲೆ ಹಾಸಿ, ಅದರ ಕೆಳಗೆ ಕೈ ಇಡಿರಿ ಎಂದರು. ದನದ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಕೇಳುತ್ತಾರೆ, ಬೆರಳು ಹಿಡಿದು ಇಳಿಸುತ್ತಾರೆ. ಅಂಗೈ ಪೂರ್ತಿ ಹಿಡಿದರೆ ವ್ಯವಹಾರ ಮುಗಿದಂತೆ, ಆಮೇಲೆ ಯಾರೂ ಮಾತು ತಿರುಗಿಸುವಂತಿಲ್ಲ. ಒಂದು ಬೆರಳಿಗೆ ಎಷ್ಟು ಎಂದು ಮಾವ ಅವರ ಕಿವಿಯಲ್ಲಿ ತಿಳಿಸಿ ಹೇಳಿದರು. ಹಿರಿಯರು ನಕ್ಕರು. "ಇಷ್ಟು ವರ್ಷ ಔಷಧ ಮಾರಿದೆ, ಗಿರಾಕಿ ನನ್ನ ಕೈ ಹಿಡಿದದ್ದು ಇದೇ ಮೊದಲು" ಎಂದು ಕೈ ಒಳಗಿಟ್ಟರು.

ಟವೆಲ್ ಅಲುಗಾಡುತ್ತಿತ್ತು. ಮಾವನ ಮುಖ ಕಲ್ಲಿನ ಹಾಗೆ ಇತ್ತು. ಹಿರಿಯರ ಹುಬ್ಬು ಒಮ್ಮೆ ಏರಿತು, ಒಮ್ಮೆ ಇಳಿಯಿತು, ಒಮ್ಮೆ ತಲೆ ಅಡ್ಡ ಆಡಿತು. ನಾನು ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಕೊನೆಗೆ ಟವೆಲ್ ನಿಂತಿತು. ಇಬ್ಬರೂ ಹಾಗೆಯೇ ಸ್ವಲ್ಪ ಹೊತ್ತು ಕೈ ಹಿಡಿದುಕೊಂಡಿದ್ದರು.

"ನೀವು ತಂದದ್ದನ್ನ ಕೊಡ್ರಿ" ಎಂದರು ಮಾವ. ಕೊಟ್ಟೆ. ಅವರು ಗೋಡೆಯ ಕಡೆ ತಿರುಗಿ, ನಡುವಿಗೆ ಕಟ್ಟಿದ ಚೀಲ ಬಿಚ್ಚಿ ತಾವೂ ಏನೋ ಕೊಟ್ಟರು.

"ಎಷ್ಟ್ ಆತ್ರಿ ಮಾವಾರ?"

"ಟವೆಲ್ ಕೆಳಗಿನ ಮಾತು ಮ್ಯಾಲೆ ತರಬಾರದು ಮಾಸ್ತರ."

"ನಾನೇನ್ ಪರಕೀನ್ರಿ? ಬುಕ್ಕಿನಾಗ ಬರ್ಕೋಬೇಕು."

"ಎಲ್ಲಾ ದೇಶದ್ದೂ ಬರದೀರಲ್ಲ, ಅದೊಂದು ಬಿಡ್ರಿ. ಎತ್ತು ಹೂಡ್ರಿ."

ಎತ್ತು ಹೂಡಿ ಎಂದೇ ಅಂದರು. ಕಾಗದಗಳ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಘಾಟು ಹತ್ತುವಾಗ ಎರಡು ಸಲ ನೀರು ಕುಡಿಸಿದೆವು. ಮರುದಿನ ಸಂಜೆಗೆ ಮೂಡಲಗಿ ಮುಟ್ಟಿದಾಗ ಓಣಿಯವರೆಲ್ಲ ಕಾರು ನೋಡಲು ಬಂದರು. ಕೈಕಾಲು ತೊಳೆಯಲು ನಾನು ಹಿತ್ತಲಿಗೆ ಹೋದೆ. ಮಾವ ಯಾರಿಗೂ ಮಾರದೆ, ಎಷ್ಟು ಬೆಲೆ ಬಂದರೂ ಕೊಡದೆ ಸಾಕಿಕೊಂಡಿದ್ದ ಬಿಳಿಯ ಖಿಲಾರಿ ಎತ್ತಿನ ಜೋಡಿ ಅಲ್ಲಿರಲಿಲ್ಲ. ಗೂಟದ ಸುತ್ತ ಹುಲ್ಲು ಒಣಗಿತ್ತು.

ಆ ವರ್ಷ ಆಷಾಢದಲ್ಲಿ ನಮ್ಮೂರ ಕುಂಬಾರರ ಸೊಸೆಗೆ ಬೇನೆ ಹತ್ತಿತು. ಅದೇ ದಾರಿ, ಅದೇ ಕೆಸರು. ನೀಲವ್ವ ಹೋದ ಜಾಗದಲ್ಲಿ ಹಿಂದಿನ ಗಾಲಿ ಜಾರಿತು. ಎರಡು ಗೋಣಿಚೀಲ ಗಾಲಿಯ ಕೆಳಗೆ ಕೊಟ್ಟು, ಆಕೆಯ ಅತ್ತೆಯೂ ನೂಕಿ, ಕಾರು ಎದ್ದಿತು. ಗೋಕಾಕದ ದವಾಖಾನೆಯಲ್ಲಿ ಆಕೆ ಹೆಣ್ಣುಕೂಸು ಹೆತ್ತಳು. ಮರುದಿನವೇ ಮೂಡಲಗಿಗೆ ಹೋಗಿ ಮಾವನಿಗೆ ಹೇಳಿದೆ. "ಕುಂಡ್ರಲಿಲ್ಲಲಾ?" ಎಂದರು. "ಇಲ್ರಿ" ಎಂದೆ. ಆ ದಿನ ಅವರು ಎರಡು ರೊಟ್ಟಿ ಹೆಚ್ಚು ಉಂಡರು ಎಂದು ನಮ್ಮ ಅತ್ತೆ ಹೇಳಿದರು.

ಅಂದಿನಿಂದ ಎಷ್ಟು ಜನ ಆ ಸೀಟಿನ ಮೇಲೆ ಮಲಗಿ ಹೋದರೆಂದು ನಾನು ಬರೆದಿಟ್ಟಿಲ್ಲ. ಎಲ್ಲರೂ ಉಳಿಯಲಿಲ್ಲ. ಆದರೆ ದಾರಿಯಲ್ಲಿ ಯಾರ ಜೀವವೂ ಹೋಗಲಿಲ್ಲ.

ಕಳೆದ ತಿಂಗಳು ಮಾವನಿಗೆ ಎದೆನೋವು ಬಂತು. ಅದೇ ಸೀಟಿನ ಮೇಲೆ, ಮಾಪುಸಾದಲ್ಲಿ ಮಲಗಿದ ಹಾಗೆಯೇ ಮೊಣಕಾಲು ಮಡಚಿಕೊಂಡು ಗೋಕಾಕಕ್ಕೆ ಬಂದರು. ದವಾಖಾನೆಯಲ್ಲಿ ಮೂರು ದಿನ ಇದ್ದು ತೀರಿಕೊಂಡರು. ಎರಡನೆಯ ದಿನ ಮಧ್ಯಾಹ್ನ ನಾವಿಬ್ಬರೇ ಇದ್ದಾಗ ಕೇಳಿದೆ. "ಮಾವಾರ, ಈಗರೆ ಹೇಳ್ರಿ. ಎಷ್ಟಕ್ಕ ಮುಗೀತು?"

ಅವರು ಟವೆಲ್ ಕಡೆ ಕಣ್ಣು ಮಾಡಿದರು. ತೆಗೆದು ಅವರ ಕೈ ಮೇಲೆ ಹಾಸಿ ನನ್ನ ಕೈಯನ್ನು ಕೆಳಗಿಟ್ಟೆ. ಈಗ ಬೆರಳು ಹಿಡಿಯುತ್ತಾರೆ, ಎಣಿಸಬೇಕು ಎಂದು ಕಾದೆ. ಅವರು ಯಾವ ಬೆರಳನ್ನೂ ಹಿಡಿಯಲಿಲ್ಲ. ಅಂಗೈಯನ್ನು ಪೂರ್ತಿಯಾಗಿ ಹಿಡಿದು ಕಣ್ಣು ಮುಚ್ಚಿದರು.

ಆ ನೋಟುಬುಕ್ಕು ಈಗ ನನ್ನ ಮುಂದಿದೆ. ಇಂಗ್ಲೆಂಡ್, ಜರ್ಮನಿ, ಇಟಲಿ ಎಲ್ಲದರ ಮುಂದೆಯೂ ಬೆಲೆ ಇದೆ. ಗೋವಾದ ಮುಂದೆ ಖಾಲಿ. ಅದನ್ನು ಹಾಗೆಯೇ ಬಿಡುತ್ತೇನೆ. ಹಿಂದಿನ ಎಡಗಡೆಯ ಟಾಯರು ಸವೆದಿದೆ, ನಾಳೆ ಗೋಕಾಕಕ್ಕೆ ಹೋಗಿ ಹೊಸದು ಹಾಕಿಸಿಕೊಂಡು ಬರಬೇಕು. ರೋಹಿಣಿ ಮಳೆ ಬೀಳುವುದರೊಳಗೆ ಕಾರು ಸಿದ್ಧವಿರಬೇಕು. ನಮ್ಮ ಓಣಿಯಲ್ಲಿ ಇಬ್ಬರಿಗೆ ದಿನ ತುಂಬಿವೆ.