ಕದಿರೇಶನ ನಲವತ್ತು ಸಾವಿರ ಹೆಜ್ಜೆ

ಬೈರಕೂರಿನ ಕೆಳಗಿನ ಬೀದಿಯಲ್ಲಿ ಹಸು ಯಾರದೇ ಇರಲಿ, ಹಾಲು ಕರೆಯುವವನು ಕದಿರೇಶ. ಎಂಟು ಮನೆ, ಹದಿನೈದು ಹಸು, ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಯಂತ್ರವನ್ನು ಕಂಡರೆ ಒದೆಯುವ ಹಸುಗಳೂ ಅವನ ಕೈ ತಾಕಿದರೆ ತಣ್ಣಗೆ ನಿಂತು ಮೆಲುಕು ಹಾಕುತ್ತವೆ. ಬೀದಿಯ ಹಸುಗಳ ಒಳಗುಟ್ಟೆಲ್ಲ ಬಲ್ಲ ಈ ಮನುಷ್ಯನಿಗೆ ತನ್ನದೇ ರಕ್ತದಲ್ಲಿ ಸಕ್ಕರೆ ಸೇರಿಕೊಂಡದ್ದು ಮಾತ್ರ ತಿಳಿದಿರಲಿಲ್ಲ.

ತಿಳಿದದ್ದು ಏಪ್ರಿಲ್ ಕೊನೆಗೆ. ಹೊತ್ತಾದರೂ ಎಂಥದ್ದು ನೋಡಿ. ಇನ್ನು ಹದಿನೈದು ದಿನಕ್ಕೆ ಯಲ್ದೂರಿನ ಭಾವಮೈದನ ತೋಟದಿಂದ ಬೇನಿಷಾ ಮಾವಿನ ಬುಟ್ಟಿಗಳು ಬರುವುದಿತ್ತು. ಕದಿರೇಶನಿಗೆ ಬೇನಿಷಾ ಎಂದರೆ ಪ್ರಾಣ. ಆ ಬುಟ್ಟಿ ಮನೆಯೊಳಗಿದ್ದರೆ ಅವನಿಗೆ ಹೆಂಡತಿಯ ಮಾತು ಕೂಡ ಕಿವಿಗೆ ಬೀಳದು.

ಡಾಕ್ಟರು ನಡೆಯಬೇಕೆಂದರು. ಬುಟ್ಟಿಗಳು ಬಂದಿಳಿದ ದಿನವೇ ಮಗಳು ತೇಜಸ್ವಿನಿ ಹೆಜ್ಜೆ ಎಣಿಸುವ ಕೈಗಡಿಯಾರ ತಂದು ಕಟ್ಟಿದಳು. ಹೆಂಡತಿ ಸುನಂದ ಕಾನೂನು ಹೊರಡಿಸಿದಳು.

"ಹತ್ತು ಸಾವಿರ ಹೆಜ್ಜೆ ನಡೀ, ಒಂದು ಹಣ್ಣು ತಿನ್ನು. ಇಲ್ಲಾಂದ್ರೆ ಬುಟ್ಟಿ ಹತ್ರ ಸುಳೀಬೇಡ."

ಮೊದಲ ದಿನ ಸಂಜೆ ಗಡಿಯಾರ ತೋರಿಸಿದ್ದು ನಲವತ್ತೊಂದು ಸಾವಿರ. ಸುನಂದ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಮಾತಿಗೆ ತಪ್ಪುವ ಹೆಂಗಸಲ್ಲ ಅವಳು, ನಾಲ್ಕು ಹಣ್ಣು ತೊಳೆದು ಮುಂದಿಟ್ಟಳು. ಆಮೇಲೆ ಬಿಸಿ ಎಣ್ಣೆ ತಂದು ಗಂಡನ ಪಾದ ತಿಕ್ಕತೊಡಗಿದಳು.

"ಪಾಪಂ, ಇಷ್ಟು ನಡೆದ್ರೂ ಒಂದಿನ ಕಾಲು ನೋವು ಅಂದಿಲ್ವಲ್ಲಯ್ಯಾ ನೀನು."

ಅಲ್ಲಿಯವರೆಗೆ ನೋಯದ ಕಾಲು ಎಣ್ಣೆ ಬಿದ್ದಮೇಲೆ ಕೊಂಚ ನೋಯತೊಡಗಿತು. ಕದಿರೇಶ ಹಾಗೆಂದು ಹೇಳಿಯೂ ಹೇಳಿದ. ದಿನವೂ ನಾಲ್ಕು ಹಣ್ಣು, ದಿನವೂ ಎಣ್ಣೆ. ಡೈರಿಯ ಸಾಲಿನಲ್ಲಿ ಸುನಂದ ಗಂಡನ ಹೆಜ್ಜೆಯ ಲೆಕ್ಕ ಹೇಳದೆ ಕ್ಯಾನು ಕೆಳಗಿಡುತ್ತಿರಲಿಲ್ಲ.

ಜೂನ್‌ನಲ್ಲಿ ಮುಳಬಾಗಿಲಿನ ಕ್ಲಿನಿಕ್ಕಿನಲ್ಲಿ ಮತ್ತೆ ರಕ್ತ ಕೊಟ್ಟ. ಇಳಿಯಬೇಕಾದ ಸಕ್ಕರೆ ಇನ್ನೂರ ತೊಂಬತ್ತಕ್ಕೆ ಹತ್ತಿ ಕೂತಿತ್ತು. ಅಲ್ಲಿಯ ನರ್ಸ್ ಆಶಾರಾಣಿ ದಿನಾ ಓಡುವ ಹುಡುಗಿ, ಊರೂರ ಓಟಗಳಿಗೆ ಹೋಗಿ ಬರುವವಳು. ಕದಿರೇಶ ಹೆಮ್ಮೆಯಿಂದ ಗಡಿಯಾರ ಚಾಚಿದ.

"ನಲವತ್ತೊಂದು ಸಾವಿರಾನಾ? ದಿನಾ ಇಲ್ಲಿಂದ ಕೋಲಾರಕ್ಕೆ ನಡೆದಂಗಾಯ್ತಲ್ಲಣ್ಣ," ಎಂದಳು ಅವಳು. "ಹಂಗೆ ನಡೆಯೋರು ಇಲ್ಲ ಅಂತಲ್ಲ, ಆದ್ರೆ ಐದಾರು ಗಂಟೆ ಬೇಕು. ನಾನು ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡಿ, ಡ್ಯೂಟಿ ಮುಗಿಸಿದ್ರೂ ಇಪ್ಪತ್ತು ಸಾವಿರ ದಾಟೋದು ಕಷ್ಟ. ನೀವು ಯಾವಾಗ ನಡೀತೀರಾ?"

"ಹಾಲು ಕರೆಯೋಕೆ ಮನೆಮನೆಗೂ ಹೋಗ್ತೀನಲ್ಲಮ್ಮ."

"ನಡ್ಕೊಂಡಾ?"

"ಟಿವಿಎಸ್‌ನಲ್ಲಿ."

"ಡೈರಿಗೆ?"

"ಅದಕ್ಕೂ ಟಿವಿಎಸ್ಸೇ," ಎನ್ನುವಷ್ಟರಲ್ಲಿ ಅವನ ದನಿಗೇ ಅನುಮಾನ ಬಂದಿತ್ತು.

ಆ ಸಂಜೆ ಮೊದಲನೆಯ ಹಸುವಿನ ಬಳಿ ಕುಕ್ಕರಗಾಲಲ್ಲಿ ಕೂತು, ಕರೆಯುತ್ತಲೇ ಗಡಿಯಾರ ನೋಡಿದ. ಕೈ ಒಂದೊಂದು ಸಲ ಕೆಳಗಿಳಿದಂತೆಲ್ಲ ಹೆಜ್ಜೆ ಏರುತ್ತಿತ್ತು. ಕೈ ನಿಲ್ಲಿಸಿದ, ಹೆಜ್ಜೆಯೂ ನಿಂತಿತು. ಬಿಂದಿಗೆ ತುಂಬುವಷ್ಟರಲ್ಲಿ ಕೂತಲ್ಲೇ ಸಾವಿರದ ಮುನ್ನೂರು ಹೆಜ್ಜೆ ನಡೆದಿದ್ದ. ಅವನಿಗೆ ನಗು ಬಂತು, ಅದರ ಬೆನ್ನಿಗೇ ಮನೆಯಲ್ಲಿ ಉಳಿದಿದ್ದ ಅರ್ಧ ಬುಟ್ಟಿಯ ನೆನಪೂ ಬಂತು. ಸುಮ್ಮನಿದ್ದರೆ ಇನ್ನೊಂದು ವಾರದ ಹಣ್ಣು ಅವನದೇ. ಸುಮ್ಮನಿರುವುದೆಂದು ತೀರ್ಮಾನಿಸಿಯೇ ಮನೆಗೆ ಬಂದ.

ಸುನಂದ ಆಗಲೇ ಹಣ್ಣು ಹೆಚ್ಚಿಟ್ಟಿದ್ದಳು. ಅತ್ತು ಅವಳ ಕಣ್ಣು ಕೆಂಪಾಗಿತ್ತು.

"ನಡೆದೂ ನಡೆದೂ ನಿನ್ ಮೈಯೇ ಸೋತೋಗಿದೆ. ಅದಕ್ಕೇ ಸಕ್ಕರೆ ಏರಿರೋದು. ನಾಳೆಯಿಂದ ಸಂಜೆ ಸುತ್ತು ನಾನು ಹೋಗ್ತೀನಿ."

ಮಂಡಿ ನೋವಿಗೆ ಮೆಟ್ಟಿಲು ಹತ್ತಲಾರದವಳ ಮಾತು ಇದು. ಕದಿರೇಶನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕೈಗೆತ್ತಿಕೊಂಡಿದ್ದ ಹೋಳನ್ನು ಮತ್ತೆ ತಟ್ಟೆಗೆ ಹಾಕಿ ಎಲ್ಲವನ್ನೂ ಹೇಳಿಬಿಟ್ಟ.

ಅವಳು ನಂಬಲಿಲ್ಲ. ಗಡಿಯಾರ ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡು, ಹಿತ್ತಲಿನಲ್ಲಿದ್ದ ತಮ್ಮದೇ ಹಸುವಿನ ಪಕ್ಕ ಹೇಗೋ ಕೂತು ಕರೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಲೆಕ್ಕ ನೂರ ಹನ್ನೆರಡು ಹೆಜ್ಜೆ ಏರಿತ್ತು. ಎದ್ದು ಒಳಗೆ ಹೋಗಿ ತಟ್ಟೆ ತಂದಳು, ಹೋಳುಗಳನ್ನೆಲ್ಲ ಹಸುವಿನ ಬಾಯಿಗಿಟ್ಟಳು.

"ನೀನು ಕೂತಿದ್ದೆ, ಇವಳು ನಿಂತಿದ್ಳು. ಇವಳಾದ್ರೂ ಹಾಲು ಕೊಟ್ಳು."

ಮರುದಿನದಿಂದ ಟಿವಿಎಸ್ಸಿನ ಕೀಲಿ ಗೋಡೆಯ ಮೊಳೆಗೆ ಬಿತ್ತು. ಕರೆಯುವಾಗ ಗಡಿಯಾರ ಆಯಾ ಮನೆಯ ಕಿಟಕಿಯ ಮೇಲೆ, ನಡೆಯುವಾಗ ಕೈಯಲ್ಲಿ. ಮೊದಲ ದಿನ ನಾಲ್ಕು ಸಾವಿರದ ಇನ್ನೂರು. ಎರಡನೆಯ ದಿನ ಐದು ಸಾವಿರ. ಮಾವು ಮಾತ್ರ ಕಾಯುತ್ತದೆಯೇ? ಬುಟ್ಟಿಯ ಹಣ್ಣು ಬಂದುಹೋದವರಿಗೆಲ್ಲ ಹಂಚಿಹೋಯಿತು. ಹುಲ್ಲಿನಡಿಯಲ್ಲಿ ಒಂದೇ ಒಂದು ಉಳಿಯಿತು. ಸುನಂದ ಅದನ್ನು ಯಾರಿಗೂ ಕೊಡಲಿಲ್ಲ.

ಎಂಟನೆಯ ದಿನ ಸಂಜೆ ಗಡಿಯಾರ ಒಂಬತ್ತು ಸಾವಿರದ ಐನೂರು ತೋರಿಸುತ್ತಿತ್ತು. ಕದಿರೇಶ ಚಪ್ಪಲಿ ಬಿಡಲಿಲ್ಲ. ಕೊಟ್ಟಿಗೆಯ ಸುತ್ತ ತಿರುಗಿದ, ಬೀದಿಯ ಕೊನೆಯವರೆಗೆ ಹೋಗಿ ಬಂದ. ಹೊಸ್ತಿಲ ಮೇಲೆ ಕೂತ ಸುನಂದ ನೋಡುತ್ತಿದ್ದಳು. ಹತ್ತು ಸಾವಿರ ದಾಟಿದಾಗ ಗಡಿಯಾರವನ್ನು ಅವಳ ಮುಂದೆ ಹಿಡಿದ. ಅವಳು ಆ ಹಣ್ಣನ್ನು ತಂದುಕೊಟ್ಟಳು. ಸಿಪ್ಪೆ ಸುಕ್ಕಾಗಿತ್ತು, ಒಂದು ಕಡೆ ಕಪ್ಪು ಕೂಡ. ಕದಿರೇಶ ವಾಟೆಯವರೆಗೂ ಚೀಪಿ ತಿಂದ.

ಅವತ್ತು ಅವನ ಪಾದ ನಿಜವಾಗಿಯೂ ನೋಯುತ್ತಿತ್ತು. ಹೇಳಿಕೊಳ್ಳಲು ಮುಖವಿಲ್ಲದೆ ಕಾಲು ಮಡಿಚಿ ಕೂತ. ಸುನಂದ ಒಲೆಯ ಮೇಲಿಂದ ಎಣ್ಣೆಯ ಬಟ್ಟಲು ತೆಗೆದುಕೊಂಡು ಬಂದಳು.

"ಚಾಚು," ಎಂದಳು.