ಮಿಸ್ತ್ರಿ ಗಾಲಿ ಚಾರ್‌ಮಿನಾರಿಗಿ ಹೋದದ್ದು

ನಮ್ಮ ಮಿಸ್ತ್ರಿ ಕೆಳಗಿನ ತುಟಿ ಹುಟ್ಟಾ ಕರಿ ಅಲ್ಲ. ಬೀಡಿ ಸೇದಿ ಆದದ್ದೂ ಅಲ್ಲ. ಐವತ್ತು ವರ್ಷ ಸೈಕಲ್ ಟ್ಯೂಬ್ ಹಚ್ಚಿ ಹಚ್ಚಿ ಆದ ಕರಿ ಅದು. ಲೋಕದ ಮಿಸ್ತ್ರಿಗೋಳು ಪಂಚರ್ ಹುಡುಕಲಿಕ್ಕ ಟ್ಯೂಬ್ ನೀರಾಗ ಮುಳಗಸ್ತಾರ. ಇವ ಹವಾ ತುಂಬಿ, ಕಣ್ಣ ಮುಚ್ಚಿ, ಟ್ಯೂಬ್ ತುಟಿ ಮುಂದ ಸರಸ್ಕೋತ ಹೋಗಾವ. ಸೂಜಿ ಮೊನಿಯಷ್ಟು ಗಾಳಿ ತುಟಿಗಿ ತಾಕಿದ್ರ ಸಾಕು, ಅಲ್ಲೇ ಬೆರಳ ಇಡಾವ. ದುಕಾನದಾಗ ನೀರಿನ ಬುಟ್ಟಿ ಯಾಕಿಲ್ಲ ಅಂತ ಕೇಳಿದ್ರ, “ನೀರಾಗ ಅದ್ದಾವ ಅರಿಬಿ ಒಗಿಯಾವ, ಮಿಸ್ತ್ರಿ ಅಲ್ಲ” ಅಂತಿದ್ದ.

ದುಕಾನ ಬಸವಕಲ್ಯಾಣದಾಗ ಕಿಲ್ಲಾ ಕಡಿ ಹೋಗೋ ರಸ್ತಾದಾಗಿತ್ತು. ಕೈ ಬಂಗಾರ, ಬಾಯಿ ಗಟಾರ. ತಲಿಗಿ ಘಮಘಮ ಎಣ್ಣಿ ಹಚ್ಕೊಂಡು ಬಂದ ಸಾಲಿ ಮಾಸ್ತರಗ, “ಸರ್, ಆ ಎಣ್ಣಿ ಜರಾ ಚೈನಿಗೂ ಹಾಕ್ರಿ. ತಲಿ ಅಂತೂ ತಿರುಗಂಗಿಲ್ಲ, ಗಾಲಿಯರ ತಿರುಗ್ಲಿ” ಅಂದಿದ್ದ. ಮಾಸ್ತರ ಮರುದಿನಾನೂ ಅಲ್ಲೇ ಬಂದ. ಬ್ಯಾರೆ ಎಲ್ಲಿ ಹೋಗ್ತಾನ?

ನಾ ಲೈನ್‌ಮ್ಯಾನ್ ಇದ್ದಾವ. ನಲವತ್ತು ವರ್ಷ ಕಂಬ ಹತ್ತೀನಿ, ಅದಕ್ಕಿಂತ ಹೆಚ್ಚು ಮಂದಿ ತಲಿ ಮ್ಯಾಲ ಹತ್ತೀನಿ. ಕಲ್ಯಾಣದಾಗ ನನ್ನ ಚೇಷ್ಟಿಗಿ ಸಿಗದವ್ರು ಇನ್ನಾ ಹುಟ್ಟಬೇಕು. ಮಿಸ್ತ್ರಿ ನನಗ ದಿನಾ ಸಿಗಾವ. ಅವನ ನಟ್ ಬಿಗಿಯೋ ಪಾನಾಗೋಳು ಗ್ರೀಸ್ ಡಬ್ಬಿದಾಗ ಹುಗದೀನಿ, ಕೂಡೋ ಸ್ಟೂಲಿಗಿ ಪಂಚರ್ ಸೊಲ್ಯೂಷನ್ ಹಚ್ಚೀನಿ. ಪೈಜಾಮ ಹರಕೊಂಡು ಎದ್ದು ಅವ ಕೊಡೋ ಬೈಗಳ ಕೇಳದಿದ್ರ ನನಗ ಚಾ ರುಚಿ ಹತ್ತತಿದ್ದಿಲ್ಲ.

ಆರು ವರ್ಷದ ಹಿಂದ ನಾವು ರಿಟೈರ್ ಆದ ಐದು ಮಂದಿ ಸೈಕಲ್ ಮ್ಯಾಲ ಹೈದರಾಬಾದಿಗಿ ಹೋಗಿ ಚಾರ್‌ಮಿನಾರ್ ಮುಂದ ಫೋಟೋ ತಗಸೋದು ಅಂತ ಮಾಡಿದ್ವಿ. ನಾನೂ ಬರ್ತೀನಿ ಅಂತ ಮಿಸ್ತ್ರಿ ಎದ್ದ ನಿಂತ. ಇಡೀ ತಾಲೂಕಿನ ಸೈಕಲ್ ರಸ್ತಾಕ್ಕ ಹಚ್ಚಿದಾವ, ತಾ ಮಾತ್ರ ಹುಮನಾಬಾದ್ ದಾಟಿ ಪೆಡಲ್ ತುಳದಿದ್ದಿಲ್ಲ. ಸಣ್ಣಾವಿದ್ದಾಗ ಅವನಪ್ಪ ಸೈಕಲ್ ಮುಂದಿನ ದಂಡಿ ಮ್ಯಾಲ ಕೂಡಿಸ್ಕೊಂಡು ಚಾರ್‌ಮಿನಾರ್ ಸುತ್ತಾ ತಿರಗಸ್ತೀನಿ ಅಂದಿದ್ನಂತ. ತಿರಗಸದೇ ಸತ್ತ. ಆ ಮಾತು ಇವನ ಹೊಟ್ಟಿಯಾಗ ಹಂಗೇ ಕೂತಿತ್ತು. ಎರಡು ತಿಂಗಳು ತನ್ನ ಸೈಕಲ್ ಬಿಚ್ಚಿ ಜೋಡಿಸಿದ, ಹೊಸಾ ಟೈರ್ ಹಾಕಿದ. ಮ್ಯಾಲ ಒಂದು ಕಾನೂನೂ ತಾನೇ ಮಾಡಿದ: ಯಾರ ಸೈಕಲ್ ಕೆಟ್ಟು ಅರ್ಧಾ ತಾಸಿನಾಗ ಎದ್ದಿಲ್ಲ, ಅವ ಹೊಳ್ಳಿ ಮನಿಗಿ ಹೋಗ್ಬೇಕು, ಉಳದವ್ರು ಕಾಯಂಗಿಲ್ಲ. ನಮ್ಮ ಡಬ್ಬಾ ಸೈಕಲ್‌ಗೋಳಿಗಿ ಹೆದರಿಸ್ಲಿಕ್ಕ ಮಾಡಿದ ಕಾನೂನದು.

ನಸುಕಿನಾಗ ಬಿಟ್ಟು, ಮಾಣಿಕನಗರದಾಗ ನಾಷ್ಟಾ ಮಾಡಿ, ಹುಡಗಿ ಊರ ಹತ್ರ ಗಿಡದ ನೆಳ್ಳಿಗಿ ನಿಂತ್ವಿ. ನನಗ ಕೈ ತಡೀಲಿಲ್ಲ. ಮಂದಿ ಆ ಕಡಿ ಹೋದಾಗ ನನ್ನ ಮುಂದಿನ ಟ್ಯೂಬ್ ಹೊರಗ ತಗದು ಮೊಳಿ ಚುಚ್ಚಿದೆ. ರೊಟ್ಟಿ ಗಂಟಿನಾಗಿನ ಕೆಂಪು ಖಾರ ಟ್ಯೂಬಿಗಿ ಸುತ್ತಾ ತಿಕ್ಕಿದೆ. ಆಮ್ಯಾಲ ಮಾರಿ ಸಣ್ಣ ಮಾಡ್ಕೊಂಡು “ಮಿಸ್ತ್ರಿ, ನಂದು ಹೋತು” ಅಂದೆ.

ಅವ ಕಣ್ಣ ಮುಚ್ಚಿ ಟ್ಯೂಬ್ ತುಟಿಗಿ ಹಿಡದ.

ಅವ ಕುಣದದ್ದು ನೋಡಿ ನಾವು ನೆಲಕ್ಕ ಬಿದ್ದು ನಕ್ವಿ. ತುಟಿ ಭಜಿ ಉಬ್ಬಿದಂಗ ಉಬ್ತು. ಉಳದ ನಾಲ್ಕೂ ಮಂದಿ ತಮ್ಮ ಬಾಟ್ಲಿ ನೀರು ಅವನ ಬಾಯಿಗಿ ಸುರುವಿದ್ರು. ನಾ ನಂದು ತಗೀಲಿಲ್ಲ. ಮೊಳಿ ಟ್ಯೂಬ್ ಉದ್ದಕ್ಕ ಹರದಿತ್ತು, ತ್ಯಾಪಿ ಹತ್ತಲಿಲ್ಲ. ಬೈಕೋತ ತನ್ನ ಹತ್ರ ಇದ್ದ ಒಂದೇ ಒಂದು ಹೊಸಾ ಟ್ಯೂಬ್ ನನಗ ಹಾಕಿ ಕೊಟ್ಟ.

ಮನ್ನಾಏಖೇಳ್ಳಿ ಇನ್ನಾ ಮೂರು ನಾಲ್ಕು ಕಿಲೋಮೀಟರ್ ಇರಬೇಕು, ಮಿಸ್ತ್ರಿದೇ ಮುಂದಿನ ಗಾಲಿ ಹವಾ ಇಳದು ಕೂತಿತು. ನಾ ಫೋನ್ ತಗದು ಟೈಮ್ ನೋಡಿದೆ. “ಕಾನೂನು ನಿಂದೇ ಮಿಸ್ತ್ರಿ” ಅಂದೆ.

ಅವ ಟ್ಯೂಬ್ ತುಟಿ ಮುಂದ ಸರಸಿದ. ಮತ್ತ ಸರಸಿದ. ಬಾತ ತುಟಿಗಿ ಏನೂ ತಿಳೀಲಿಲ್ಲ. ಕಿವಿಗಿ ಹಿಡದ, ಲಾರಿ ಸಪ್ಪಳದಾಗ ಏನೂ ಕೇಳಲಿಲ್ಲ. ಉಗುಳು ಹಚ್ಚಬೇಕಂದ್ರ ಬಾಯಿ ಒಣಗಿತ್ತು. ಇಪ್ಪತ್ತು ನಿಮಿಷ ಆದ ಮ್ಯಾಲ, ಜನ್ಮದಾಗ ಕೇಳದಾವ ಕೇಳಿದ: “ಯಾರ ಹತ್ರನರ ನೀರದಾವೇನ್ರಪಾ?”

ನಾಲ್ಕು ಮಂದಿ ಖಾಲಿ ಬಾಟ್ಲಿ ತೋರಿಸಿದ್ರು. ನನ್ನ ಚೀಲದಾಗ ಅರ್ಧಾ ಬಾಟ್ಲಿ ಇತ್ತು. ನಾ ಫೋನ್ ನೋಡ್ಕೋತ ನಿಂತೆ. ಮಜಾ ಇನ್ನಾ ಐದು ನಿಮಿಷ ನಡೀಲಿ, ಆಮ್ಯಾಲ ಕೊಟ್ರಾತು ಅಂತಿದ್ದೆ ಮನಸಿನಾಗ. ಐದು ಹೋಗಿ ಹತ್ತಾತು.

ಅರ್ಧಾ ತಾಸು ಆತು ಅಂತ ಅವನೇ ಎದ್ದ. ಇರ್ಲಿ ಬಿಡೋ, ಕಾಯ್ತೀವಿ ಅಂತ ಉಳದವ್ರು ಅಂದ್ರೂ ಕೇಳಲಿಲ್ಲ. ನನ್ನ ಕಡಿ ಬಂದು ಹಿಂದಿನ ಗಾಲಿ ಎತ್ತಿ ತಿರಗಿಸಿದ. ಹುಡಗಿ ಊರಿನಿಂದ ಟಿಕ್ ಟಿಕ್ ಕೇಳಾಕತ್ತದ, ಮೂರು ಸ್ಪೋಕ್ ತಾರ್ ಮುರದಾವ, ಇದ್ರ ಮ್ಯಾಲ ಜಹೀರಾಬಾದೂ ಮುಟ್ಟಂಗಿಲ್ಲ ಅಂದ. ತನ್ನ ಹಿಂದಿನ ಗಾಲಿ ಬಿಚ್ಚಿ ನನ್ನ ಸೈಕಲಿಗಿ ಹಾಕಾಕತ್ತ. ನಾ ಬ್ಯಾಡ ಅಂದೆ.

“ನಿನ್ನ ಸಲುವಾಗಿ ಅಲ್ಲ ಲೇ ನಾಲಾಯಕ್. ನೀ ಹೋದ್ರೆಷ್ಟು, ಬಿಟ್ರೆಷ್ಟು. ನನ್ನ ಗಾಲಿ ಹೋಗ್ಲಿ. ಒಂದು ಸುತ್ತಾ ತಿರಗಸ್ಕೊಂಡು ಬಾ.” ನಟ್ ಬಿಗಿ ಮಾಡಿ ಮ್ಯಾಲ ನೋಡಿದ. “ಖಾರ ಯಾರು ಕುಟ್ಟಿದ್ದು? ಚಲೋ ಅದ.”

ನನ್ನ ಮುರಕ ಗಾಲಿ ತಗೊಂಡು ಮಾಲಿನ ಆಟೋದಾಗ ಹೊಳ್ಳಿ ಹೋದ.

ಇನ್ನ ನಮ್ಮ ಪರಾಕ್ರಮ ಕೇಳ್ರಿ. ಜಹೀರಾಬಾದ್ ದಾಟೂದ್ರಾಗ ಐದೂ ಮಂದಿ ಮೊಳಕಾಲು ಕೈ ಕೊಟ್ಟವು. ಒಂದು ಟೆಂಪೋ ಹಿಡದು, ಸೈಕಲ್‌ಗೋಳು ಅದರ ಮ್ಯಾಲ ಹಾಕಿ ಹಗ್ಗದಿಂದ ಕಟ್ಟಿಸಿ, ಮಲ್ಕೋತ ಹೈದರಾಬಾದಿಗಿ ಹೋದ್ವಿ. ಚಾರ್‌ಮಿನಾರ್ ಸಮೀಪ ಇಳದ್ವಿ. ನನ್ನ ಅರ್ಧಾ ಬಾಟ್ಲಿ ನೀರು ಆಗ ಹೊರಗ ಬಂತು. ಮಾರಿಗಿ, ಅಂಗಿಗಿ ಹೊಡ್ಕೊಂಡು ಬೆವತವ್ರಂಗ ಹಲ್ಲ ಕಿಸದು ಫೋಟೋ ತಗಸಿದ್ವಿ. ಮಂದಿ ಗದ್ದಲದಾಗ ಸುತ್ತಾ ತಿರಗೂದೂ ಆಗ್ಲಿಲ್ಲ. ಬಾಯಿ ಬಿಡಂಗಿಲ್ಲ ಅಂತ ಐದೂ ಮಂದಿ ಆಣಿ ಹಾಕೊಂಡ್ವಿ.

ಗಾಲಿ ಹೊಳ್ಳಿ ಕೊಟ್ಟಾಗ ಮಿಸ್ತ್ರಿ ಅದನ್ನ ಬಾಳೊತ್ತು ತಿರುವಿ ತಿರುವಿ ನೋಡಿದ. ತನ್ನ ಸೈಕಲಿಗಿ ಹಾಕೊಳ್ಳಲಿಲ್ಲ. ದುಕಾನದ ಗ್ವಾಡಿಗಿ ನೇತಹಾಕಿ, ಬಾಜೂಕ ನಮ್ಮ ಫೋಟೋ ಹಚ್ಚಿದ. ಅಂದಿನಿಂದ ಯಾವ ಗಿರಾಕಿ ಬಂದ್ರೂ ನನ್ನ ಕರದು ಕೂಡಸಾವ. ಹೇಳೋ ಲೈನ್‌ಮ್ಯಾನ್, ನನ್ನ ಗಾಲಿ ಹ್ಯಾಂಗ ತಿರಗ್ತು ಅನ್ನಾವ. ನನಗ ಹೇಳೋದು ಕಲಿಸ್ಬೇಕೇನ್ರಿ? ಒಂದು ಸುತ್ತು ಇದ್ದದ್ದು ಮೂರಾತು, ಐದಾತು. ಪೊಲೀಸನೂ ಬಂದು ಸಲಾಮ್ ಹೊಡದ. ಮಿಸ್ತ್ರಿ ಕಣ್ಣ ಮುಚ್ಚಿ ಕೇಳಾವ. ಪಾಪ, ಎಷ್ಟು ಸುಲಭ ಸಿಗ್ತಾನ ಇವ ಅಂತ ಮನಿಗಿ ಹೋಗಿ ನಗ್ತಿದ್ದೆ. ಐದು ವರ್ಷ ನಡೀತು ಇದು.

ಹೋದ ವರ್ಷ ಅವನ ಪುಪ್ಪುಸ ಕೆಟ್ಟವು. ಎಲ್ಲಾರ ಗಾಲಿಗಿ ಹವಾ ತುಂಬಿದಾವಗ ತನಗ ಹವಾ ಸಾಲವಲ್ದು ಅಂತ ನಾನೇ ಚೇಷ್ಟಿ ಮಾಡಿದೆ. ನಕ್ಕ. ಆಮ್ಯಾಲ ದಿಂಬಿನ ಬುಡದಿಂದ, ಬೇರಿಂಗಿನ ಛರ್ರಾ ಇಡೋ ಸಣ್ಣ ಡಬ್ಬಿ ತಗದು ನನ್ನ ಕೈಯಾಗ ಇಟ್ಟ. ಒಳಗ ಬೆರಳುದ್ದದ ನೀಲಿ ಪ್ಲಾಸ್ಟಿಕ್ ಹಗ್ಗದ ತುಂಡಿತ್ತು.

“ಗಾಲಿ ತಾರಿನಾಗ ಸಿಕ್ಕಿತ್ತು, ನೀ ಕೊಟ್ಟ ದಿನಾನೇ. ಟೆಂಪೋಕ್ಕ ಕಟ್ಟಿದ್ದಲ್ಲ?” ಉಸರು ತಗೊಂಡ. “ಐದು ವರ್ಷ ಚಲೋ ಕುಣದಿ ಲೇ. ಪೊಲೀಸ್ ಸಲಾಮ್ ಹೊಡದದ್ದು ನನಗ ಬಾಳ ಸೇರ್ತಿತ್ತು.”

ನನ್ನ ಇಷ್ಟು ವರ್ಷದ ಎಲ್ಲಾ ಚೇಷ್ಟಿ ಒಂದು ಕಡಿ ಇಟ್ರೂ ಅವನ ಈ ಒಂದಕ್ಕ ಸಮ ಬರಂಗಿಲ್ಲ. ನನಗ ನಗೂ ಬಂತು, ಸಿಟ್ಟೂ ಬಂತು. ಎದ್ದು ಹೊಂಟೆ. ಅವ ಕೈ ಹಿಡದ.

“ಖರೇ ಹೇಳು. ಅವತ್ತು ನಾ ಕೇಳಿದಾಗ ನಿನ್ನ ಹತ್ರ ನೀರಿದ್ವೇನು?”

“ಇದ್ದಿಲ್ಲೋ” ಅಂದೆ.

ಅವ ಕಣ್ಣ ಮುಚ್ಚಿದ, ಟ್ಯೂಬ್ ತುಟಿಗಿ ಹಿಡದಾಗ ಮುಚ್ತಿದ್ದನಲ್ಲ, ಹಂಗ. ನನ್ನ ಕೈ ಬಿಡಲಿಲ್ಲ. ನಾ ಹಿಡ್ಕೊಂಡು ಕೂತೆ, ಅವ ಮುಂದ ಏನರ ಅಂತಾನ ಅಂತ. ಮೂರನೇ ದಿನ ಹೋದ.